ತೇವದ ನೆಲ

ಓಸಿಯಾಸನ ಗುದ್ದಲಿ ಈ ಸಲ ಕೆಳಗಿಳಿದಾಗ ಬಂದ ಸದ್ದು ಮಣ್ಣಿನದಾಗಿರಲಿಲ್ಲ.

"ಕಲ್ಲಾ?" ಬಾವಿಗೆಂದು ತೋಡುತ್ತಿದ್ದ ಗುಂಡಿಯ ದಂಡೆಯ ಮೇಲೆ ಕುಳಿತಿದ್ದ ಫ್ಲೋರಿಂದಾ ಕೇಳಿದಳು. ಅವಳ ತೊಡೆಯ ಮೇಲೆ ದಾಖಲೆ ಪುಸ್ತಕ ತೆರೆದಿತ್ತು. ಗುಂಡಿಯ ಅಗಲ, ಅಗೆತ ಶುರುವಾದ ಗಂಟೆ, ಪ್ರತಿ ಮೂವತ್ತು ಸೆಂಟಿಮೀಟರಿಗೊಮ್ಮೆ ಮಣ್ಣಿನ ಬಣ್ಣ, ಎಲ್ಲವನ್ನೂ ಅವಳು ಗೆರೆ ಹಾಕಿದ ಕಾಲಮುಗಳಲ್ಲಿ ತುಂಬುತ್ತಿದ್ದಳು. ಎಪ್ಪತ್ತು ಸೆಂಟಿಮೀಟರಿಗೇ ಜೇಡಿ ಕಪ್ಪಾಗಿ ಮೆತ್ತಗಾಗಿತ್ತು. ಅಂಗೈಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಜಿನುಗುತ್ತಿತ್ತು. ಮುಂಗವೆನಿ ಊರಿನಲ್ಲಿ ಇಷ್ಟು ಮೇಲೆಯೇ ನೀರಿನ ಸುಳಿವು ಸಿಕ್ಕಿದ್ದು ಇದೇ ಮೊದಲು.

"ಕಲ್ಲಾ ಅಂತ ನನ್ನ ಕೇಳ್ತೀಯಲ್ಲ ಎಂಜಿನಿಯರಮ್ಮ! ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದೋನು ನಾನು. ಕಲ್ಲಿನ ಸದ್ದು ನನಗೆ ನನ್ನ ಹೆಂಡತಿ ಗೊರಕೆಗಿಂತ ಚೆನ್ನಾಗಿ ಗೊತ್ತು," ಎಂದು ಓಸಿಯಾಸ ಗುಂಡಿಯೊಳಗಿಂದ ಹೇಳಿದ. ಜೊತೆಗಿದ್ದ ಇಬ್ಬರು ನಕ್ಕರು. "ಅವಳ ಮುಂದೆ ಹೇಳು ನೋಡೋಣ," ಎಂದ ಒಬ್ಬ.

ಓಸಿಯಾಸ ಬಗ್ಗಿ ಕೈಯಿಂದ ಮಣ್ಣು ಸರಿಸಿದ. ಮೊದಲು ಮಡಕೆಯೊಂದರ ಹೊಟ್ಟೆ ಕಾಣಿಸಿತು. ಆಮೇಲೆ ಅದರ ಬಾಯಿ. ಬಾಯಿಗೆ ಬೂದಿ ಮೆತ್ತಿ ಗಟ್ಟಿಯಾಗಿತ್ತು. ನಡುವೆ ಕಿರುಬೆರಳು ಹಿಡಿಸುವಷ್ಟು ಒಂದು ತೂತು.

ಅವನ ಮುಖದ ನಗು ಇಳಿದುಹೋಯಿತು. ಗುದ್ದಲಿಯನ್ನು ಎಸೆಯಲಿಲ್ಲ, ಮಲಗಿದ ಮಗುವಿನ ಪಕ್ಕದಲ್ಲಿ ಇಡುವಂತೆ ಮೆಲ್ಲಗೆ ಇಟ್ಟ. ಏಣಿಗೂ ಕಾಯದೆ ದಂಡೆಯ ಅಂಚನ್ನು ಹಿಡಿದು ಮೇಲೆ ಹತ್ತಿದ. ಉಳಿದಿಬ್ಬರು ಏನೂ ಕೇಳದೆ ಹಿಂದೆಯೇ ಹತ್ತಿದರು. ಓಸಿಯಾಸ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ನಾವು ಹೊರಟ್ವಿ."

"ಯಾಕೆ? ಹಳೇ ಮಡಕೆ ಅಷ್ಟೇ ತಾನೆ?"

"ಇದು ಹೆಂಗಸರ ಜಾಗ."

"ಹಂಗಂದ್ರೆ?"

"ನನ್ನ ಕೇಳ್ಬೇಡ ಮಗಳೇ. ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ." ಅವನ ಕಣ್ಣು ಗುಂಡಿಯ ಕಡೆಗೂ ಇರಲಿಲ್ಲ, ಅವಳ ಕಡೆಗೂ ಇರಲಿಲ್ಲ. ಮೂವರೂ ಅತ್ತಿ ಮರಗಳ ನಡುವಿನ ದಾರಿ ಹಿಡಿದು, ಹಿಂತಿರುಗಿ ನೋಡದೆ, ಓಡುವುದಕ್ಕೆ ಒಂದು ಹೆಜ್ಜೆ ಕಡಿಮೆ ವೇಗದಲ್ಲಿ ಹೋಗಿಬಿಟ್ಟರು.

ಫ್ಲೋರಿಂದಾ ಪುಸ್ತಕ ಮುಚ್ಚಿ ಏಣಿಯಿಂದ ಇಳಿದಳು. ಅವಳಿಗೆ ಇಪ್ಪತ್ತೇಳು ವರ್ಷ. ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟು ಮಿಷನ್ ಶಾಲೆಯ ವಸತಿಗೃಹ ಸೇರಿದವಳು, ಮಾಪುತೋದಲ್ಲಿ ವಿಜ್ಞಾನ ಓದಿ, ಮೂರು ವರ್ಷದ ಹಿಂದೆ ಆರೋಗ್ಯ ಸಂಸ್ಥೆಯೊಂದರ ಕೆಲಸದ ಮೇಲೆ ಹುಟ್ಟೂರಿಗೇ ಮರಳಿದ್ದಳು. ತಾಯಂದಿರ ಆರೋಗ್ಯ ಮತ್ತು ಕುಡಿಯುವ ನೀರು, ಎರಡೂ ಅವಳ ಹೊಣೆ. ಗೊತ್ತಿಲ್ಲದ ವಸ್ತು ಕಂಡರೆ ಅಳೆಯುವುದು, ತೆರೆಯುವುದು, ಬರೆದಿಡುವುದು: ಅವಳು ಕಲಿತದ್ದು ಈ ಕ್ರಮವನ್ನೇ. ಮಡಕೆಯನ್ನು ಎರಡೂ ಕೈಯಿಂದ ಬಿಡಿಸಿ ಮಡಿಲಿಗೆ ತೆಗೆದುಕೊಂಡಳು. ಎತ್ತರ ಹದಿನೆಂಟು ಸೆಂಟಿಮೀಟರು. ಚಿತ್ತಾರವಿಲ್ಲ. ಬಾಯಿಯ ಅಂಚಿನ ಒಂದು ತುಣುಕು ಬೇಕೆಂದೇ ಮುರಿದದ್ದು. ಮುರಿದ ಅಂಚು ನೇರವಾಗಿತ್ತು. ಅವಳು ಬೂದಿಯ ಪದರವನ್ನು ಹೆಬ್ಬೆರಳಿನಿಂದ ಒಡೆದಳು.

ಒಳಗಿನದು ಹಕ್ಕಿಯದೆಂದು ಮೊದಲು ಅನ್ನಿಸಿತು. ಕೋಳಿಯ ಪಕ್ಕೆಲುಬುಗಳೂ ಅಷ್ಟೇ ತೆಳ್ಳಗೆ, ಅಷ್ಟೇ ಬಾಗಿರುತ್ತವೆ. ಅವಳು ಬೆಳಕಿಗೆ ಮಡಕೆಯನ್ನು ಸ್ವಲ್ಪ ವಾಲಿಸಿದಳು. ಅಡಿಯಲ್ಲಿದ್ದ ಒಂದು ಚೂರು ಜಾರಿ ಮುಂದೆ ಬಂತು. ಅದು ಕೆಳದವಡೆ. ಅವಳ ಹೆಬ್ಬೆರಳಿಗಿಂತ ಸಣ್ಣದು. ಮೇಲಂಚಿನಲ್ಲಿ ಇನ್ನೂ ಹುಟ್ಟದ ಹಲ್ಲುಗಳಿಗಾಗಿ ಸಾಲಾಗಿ ಮಾಡಿಟ್ಟ ಗೂಡುಗಳು ಇದ್ದವು.

ಹಕ್ಕಿಗಳಿಗೆ ಹಲ್ಲಿರುವುದಿಲ್ಲ ಎಂಬ ವಾಕ್ಯ ಅವಳ ತಲೆಯೊಳಗೆ ಪಾಠದ ಧ್ವನಿಯಲ್ಲಿ ಮೂಡಿತು. ಅದರ ಹಿಂದೆ ಬೇರೆ ಯಾವ ವಾಕ್ಯವೂ ಬರಲಿಲ್ಲ. ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ, ಆ ದಿನದ ದಾಖಲೆಯಲ್ಲಿ ಅದೊಂದು ಮಾತ್ರ ಇಲ್ಲ. ಗುಂಡಿಯ ಗೋಡೆಗೆ ಕೈಯೂರಿ ಏಳಲು ಹೋದಾಗ ಅಂಗೈ ಕೆಳಗೆ ಇನ್ನೊಂದು ದುಂಡನೆಯ ಅಂಚು ಸಿಕ್ಕಿತು. ಅದರಾಚೆ ಮತ್ತೊಂದು.

ಅವಳು ಬಾವಿಯ ಜಾಗ ಆರಿಸಿದ್ದು ಅಂದಾಜಿನಿಂದಲ್ಲ. ಭೂಮಿಯ ತೇವ ಅಳೆಯಲು ಹಳೆಯದೊಂದು ಸರಳ ವಿಧಾನವಿದೆ: ಸಂಜೆ ಒಣಗಿದ ಮಡಕೆಗಳನ್ನು ಬೇರೆ ಬೇರೆ ಕಡೆ ನೆಲಕ್ಕೆ ಬೋರಲು ಹಾಕಿ, ಬೆಳಗ್ಗೆ ಒಳಮೈಯಲ್ಲಿ ಎಷ್ಟು ಬೆವರು ಕೂಡಿದೆ ಎಂದು ನೋಡುವುದು. ಫ್ಲೋರಿಂದಾಳ ತಾಯಿ ಅಲ್ಬೆರ್ತಿನಾ ಊರಿಗೆಲ್ಲ ಮಡಕೆ ಮಾಡುವವಳು. ಮೂರು ವಾರದ ಹಿಂದೆ ಒಂದು ಸಂಜೆ ಮಗಳು ಅವಳ ಬಳಿ ಹೋಗಿ, "ಅಮ್ಮ, ಚಿಕ್ಕವು ಬೇಕು. ಚಿತ್ತಾರ ಬೇಡ, ಬಣ್ಣ ಬೇಡ. ಐದು ಕೊಡು," ಎಂದಿದ್ದಳು. ಜೇಡಿ ಮಿದಿಯುತ್ತಿದ್ದ ತಾಯಿಯ ಕೈ ನಿಂತುಹೋಗಿತ್ತು. "ಐದಾ?" "ಹೂಂ." ಅಲ್ಬೆರ್ತಿನಾ ಎದ್ದು ಒಳಗಿನಿಂದ ಐದು ಮಡಕೆ ತಂದುಕೊಟ್ಟಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದಳು.

ನಾಲ್ಕು ಮಡಕೆಗಳು ಬಹುತೇಕ ಒಣಗಿಯೇ ಇದ್ದವು. ಹಳ್ಳದ ತಿರುವಿನಲ್ಲಿ, ಅತ್ತಿ ಮರಗಳ ಕೆಳಗೆ ಇಟ್ಟ ಐದನೆಯದರಿಂದ ಮಾತ್ರ ನೀರು ತೊಟ್ಟಿಕ್ಕಿತ್ತು. ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಕೇಳಿದರೆ ಹಾವಿದೆ ಅನ್ನುತ್ತಿದ್ದರು. 'ಹಾವು: ಆಧಾರ ಸಿಗಲಿಲ್ಲ' ಎಂದು ಅವಳು ಬರೆದುಕೊಂಡಿದ್ದಳು. ನೀರಿನ ಸಮಿತಿ ಸೇರಿದಾಗ, ನಿಯಮದಂತೆ ಅರ್ಧದಷ್ಟು ಹೆಂಗಸರು ಇದ್ದಾರೆಯೇ ಎಂದು ಎಣಿಸಿ, ಜಾಗವನ್ನು ತಿಳಿಸಿದಳು. ಗಂಡಸರು ತಲೆಯಾಡಿಸಿದರು. ಹೆಂಗಸರು ಸೂಲಗಿತ್ತಿ ನ್ವಾಮಿತ್ವಾ ಅಜ್ಜಿಯ ಮುಖ ನೋಡಿದರು. ಅಜ್ಜಿ ನೆಲ ನೋಡುತ್ತ, "ಮಗಳಿಗೆ ಗೊತ್ತಿರೋ ಜಾಗ. ಗೂಟ ಎಲ್ಲಿ ಹೊಡೀಬೇಕು ಅಂತ ಅವಳಿಗೇ ಗೊತ್ತು," ಎಂದಿದ್ದಳು. ಅದು ಒಪ್ಪಿಗೆ ಎಂದು ಫ್ಲೋರಿಂದಾ ಬರೆದುಕೊಂಡಳು. ದಾರಿಗೆ ಹತ್ತಿರವಾಗಲೆಂದು ಮೇಲುದಂಡೆಯ ದೊಡ್ಡ ಅತ್ತಿಯ ಬುಡದಲ್ಲಿ ಗೂಟ ಹೊಡೆಸಿದಳು.

ಅಂದಿನಿಂದ ಊರಿನ ಹೆಂಗಸರು ಅವಳೊಡನೆ ಬೇರೆ ರೀತಿ ನಡೆದುಕೊಳ್ಳತೊಡಗಿದರು. ಒಬ್ಬಳು ಹುರಿದ ಕಡಲೆಕಾಯಿ ತಂದುಕೊಟ್ಟು ಮಾತಿಲ್ಲದೆ ಹೋದಳು. ಇನ್ನೊಬ್ಬಳು ಕೊಳದ ಬಳಿ ಅವಳ ಬಿಂದಿಗೆಯನ್ನು ತಾನೇ ಎತ್ತಿ ತಲೆಗಿಟ್ಟಳು. ನ್ವಾಮಿತ್ವಾ ಅಜ್ಜಿ ದಾರಿಯಲ್ಲಿ ನಿಲ್ಲಿಸಿ, ಅವಳ ಎರಡೂ ಕೈ ಹಿಡಿದು, ಸುಮ್ಮನೆ ಒತ್ತಿ ಬಿಟ್ಟಳು. ಬಾವಿಗಾಗಿ ಕೃತಜ್ಞತೆ ಎಂದುಕೊಂಡಳು ಫ್ಲೋರಿಂದಾ.

ಇಂದು ಬೆಳಗ್ಗೆ ಅಗೆತಕ್ಕೆ ಮೊದಲು ಅವಳು ಲೆಕ್ಕಗಳನ್ನು ಮತ್ತೊಮ್ಮೆ ನೋಡಿದ್ದಳು. ಗೂಟವನ್ನು ಹನ್ನೆರಡು ಮೀಟರು ಕೆಳಗೆ, ಮಡಕೆ ಬೆವರಿದ ಜಾಗಕ್ಕೇ ಸರಿಸಿದರೆ ಒಂದೂವರೆ ಮೀಟರು ಅಗೆತ ಉಳಿಯುತ್ತಿತ್ತು. ಹೆಂಗಸರೆಲ್ಲ ಹೊಲದಲ್ಲಿದ್ದರು. ಅವಳು ಗೂಟ ಕಿತ್ತು ಸರಿಸಿದಳು.

ಊಟದ ಹೊತ್ತಿಗೆ ಹೆಂಗಸರು ಬಂದರು. ಅಗೆಯುವವರಿಗೆಂದು ಅಲ್ಬೆರ್ತಿನಾ ಜೋಳದ ಮುದ್ದೆ ಶಿಮಾ, ಮರಗೆಣಸಿನ ಸೊಪ್ಪಿನ ಸಾರು ಹೊತ್ತಿದ್ದಳು. ಅವಳ ಹಿಂದೆ ತಟ್ಟೆ ಹಿಡಿದು ಏಳು ತಿಂಗಳ ಬಸುರಿ ತೆಲ್ಮಾ. ಎಲ್ಲರ ಹಿಂದೆ, ಏದುಸಿರು ಬಿಡುತ್ತ, ನ್ವಾಮಿತ್ವಾ ಅಜ್ಜಿ.

"ಏನ್ರೋ ಗಣಿ ರಾಜರಾ, ನೀರು ಸಿಕ್ತಾ ಇಲ್ಲ ನೆರಳು ಸಿಕ್ತಾ?" ಎಂದು ತೆಲ್ಮಾ ದೂರದಿಂದಲೇ ಕೂಗಿದಳು. ಉತ್ತರ ಬರಲಿಲ್ಲ. ದೊಡ್ಡ ಅತ್ತಿಯ ಬುಡದಲ್ಲಿ ಗೂಟದ ಬದಲು ಬರಿಯ ತೂತಿತ್ತು. ಅವಳ ಕಣ್ಣು ಇಳಿಜಾರಿನಲ್ಲಿ ಕೆಳಗೆ ಹೋಯಿತು. ತಟ್ಟೆಗಳು ಕೈಯಿಂದ ಜಾರಿದವು.

ಗುಂಡಿಯೊಳಗೆ ಫ್ಲೋರಿಂದಾ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ತಲೆಯೆತ್ತಿದಾಗ ದಂಡೆಯ ಮೇಲೆ ತಾಯಿ ನಿಂತಿದ್ದಳು. ಬಿಸಿ ಪಾತ್ರೆ ಅವಳ ತಲೆಯ ಮೇಲೆಯೇ ಇತ್ತು.

"ಅಮ್ಮ," ಎಂದಳು ಫ್ಲೋರಿಂದಾ. "ಇದು ನೀನು ಮಾಡಿದ ಮಡಕೆ."

ನ್ವಾಮಿತ್ವಾ ಅಜ್ಜಿ ಮುಂದೆ ಬಂದು ತನ್ನ ಹೊದಿಕೆ ಬಟ್ಟೆ ಕಪುಲಾನಾವನ್ನು ಬಿಚ್ಚಿ ಗುಂಡಿಗೆ ಎಸೆದಳು. "ಮುಚ್ಚು! ಮೊದಲು ಬಿಸಿಲಿಂದ ಮುಚ್ಚು ಅದನ್ನ! ಅದು ಒಣಗಿದ್ರೆ ಆಕಾಶ ಒಣಗಿ ಮಳೆ ನಿಲ್ಲುತ್ತೆ. ಗೂಟ ಯಾರು ಕಿತ್ತಿದ್ದು?"

"ನಾನೇ."

"ಕುಡಿದಿದ್ಯಾ? ಗೊತ್ತಿದ್ದೂ ಗೊತ್ತಿದ್ದೂ... ಮೇಲೆ ಗೂಟ ಹೊಡೆದಾಗ ನಾನು ಎಲ್ಲರ ಮುಂದೆ ಹೊಗಳಿದೆ ನಿನ್ನ. 'ನೋಡಿ, ಓದಿದ್ರೂ ಮರ್ಯಾದೆ ಮರೆತಿಲ್ಲ, ತನ್ನದನ್ನೂ ಕಾಪಾಡಿದ್ಲು, ನಮ್ಮವನ್ನೂ ಕಾಪಾಡಿದ್ಲು' ಅಂತ!"

"ನಂದಾ? ನಂದು ಏನು?"

ಹಳ್ಳದ ಆಚೆ ಒಂದು ಕೋಗಿಲೆ ಕೂಗಿ ನಿಂತಿತು. ಅಜ್ಜಿ ನಿಧಾನವಾಗಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

"ಹುಡುಗಿ, ನನ್ನ ಕಣ್ಣು ನೋಡಿ ನಿಜ ಹೇಳು. ಈ ನೆಲದ ಮೇಲೆ ಮಡಕೆ ಬೋರಲು ಹಾಕಿದ್ಯಲ್ಲ. ಯಾರಿಗೆ ಹಾಕಿದೆ?"

"ಯಾರಿಗೂ ಅಲ್ಲ ಅಜ್ಜಿ. ತೇವ ಅಳೆಯೋಕೆ."

"ಹಂಗಾದ್ರೆ ನಿಂಗೆ..." ಅಜ್ಜಿ ಅಲ್ಬೆರ್ತಿನಾಳ ಕಡೆ ತಿರುಗಿದಳು. ತೆಲ್ಮಾ ಬಾಯಿಗೆ ಕೈ ಅಡ್ಡ ಹಿಡಿದಳು.

ಅಲ್ಬೆರ್ತಿನಾ ಪಾತ್ರೆಯನ್ನು ತಲೆಯಿಂದ ಇಳಿಸಿದಳು. ಇಳಿಸುವಾಗ ಸಾರು ತುಳುಕಿತು. "ಮಾಪುತೋದಲ್ಲಿ ನಿಂಗೆ ಏನೂ ಆಗಿರ್ಲಿಲ್ವಾ?" ಅವಳ ದನಿ ಯಾರದೋ ದನಿಯಂತಿತ್ತು. "ಹೊಟ್ಟೇಲಿ... ಏನೂ?"

"ಇಲ್ಲಮ್ಮ!"

"ಐದು ಕೇಳಿದೆ. ಒಂದನ್ನ ಮರೆಮಾಡೋಕೆ ನಾಲ್ಕು ಅಂದ್ಕೊಂಡೆ. ಚಿಕ್ಕದು, ಚಿತ್ತಾರ ಇಲ್ದೇ ಇರೋದು ಅಂತ ಆ ಮಾತಲ್ಲೇ ಕೇಳ್ದೆ ನೀನು. ಕೂಸು ಕಳ್ಕೊಂಡೋರು ಎಲ್ರೂ ಹಂಗೇ ಕೇಳ್ತಾರೆ." ಅವಳು ದಂಡೆಯ ಮೇಲೆ ಕುಸಿದು ಕುಳಿತಳು. "ಮೂರು ವಾರ. ಮೂರು ವಾರ ನಾನು ಯಾರಿಗೆ ಅತ್ತೆ ಹಂಗಾದ್ರೆ?"

ಅಜ್ಜಿಯೇ ಮೊದಲು ಎಚ್ಚೆತ್ತಳು. ಫ್ಲೋರಿಂದಾ ಮೇಲೆ ಬರಬೇಕು, ಮಡಕೆಯನ್ನು ತೆಲ್ಮಾ ಮುಟ್ಟಬಾರದು, ಅಲ್ಬೆರ್ತಿನಾ ಮತ್ತು ತಾನು ಮಾತ್ರ ಗುಂಡಿಗೆ ಇಳಿಯಬೇಕು. ಹೀಗೆ ಒಂದೊಂದಾಗಿ ಹೇಳಿದಳು. ಇಬ್ಬರು ಮುದುಕಿಯರು ಹಸಿ ಜೇಡಿಯಲ್ಲಿ ಮಡಕೆಯನ್ನು ಮತ್ತೆ ಕೂರಿಸಿದರು. ಒಡೆದ ಬೂದಿಯ ಜಾಗದಲ್ಲಿ ಹೊಸ ಬೂದಿ ಕಲಸಿ ಮೆತ್ತಿ, ಅಜ್ಜಿ ಅದರ ನಡುವೆ ಕಿರುಬೆರಳಿನಿಂದ ತೂತು ಮಾಡಿದಳು.

"ತೂತು ಯಾಕೆ ಅಜ್ಜಿ?"

"ಉಸಿರಾಡೋಕೆ," ಎಂದಳು ಅಜ್ಜಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಮಣ್ಣು ಮುಚ್ಚಿ ಆದಮೇಲೆ ಅಜ್ಜಿ ಹಳ್ಳದ ನೀರಿಗೆ ಬೂದಿ ಬೆರೆಸಿ ಫ್ಲೋರಿಂದಾಳ ಕೈಗೆ ಹೊಯ್ದಳು. "ಮಕ್ಕಳನ್ನ ಹೊತ್ತೋರಿಗೆ ಮಾತ್ರ ಹೇಳೋ ವಿಷಯ ಇದು. ನಿನಗೆ ಹೇಳೋ ಹೊತ್ತು ಬಂದಿರ್ಲಿಲ್ಲ. ಈಗ ಮುಟ್ಟಿಬಿಟ್ಟೆ. ಇನ್ನೇನು ಮಾಡೋದು, ನಿನಗೂ ಗೊತ್ತಾಯ್ತು."

ಫ್ಲೋರಿಂದಾ ಕೈ ತೊಳೆಯುತ್ತಲೇ ಕೇಳಿದಳು. ಕೇಳಬಾರದೆಂದು ಒಳಗೊಂದು ದನಿ ಹೇಳುತ್ತಿದ್ದರೂ ಕೇಳಿದಳು. "ಇವು ಯಾವಾಗಿನವು?"

"ನಮ್ಮಜ್ಜಿ ಕಾಲದಿಂದ."

"ನಾನು ಬಂದಮೇಲಿನವು? ಈ ಮೂರು ವರ್ಷದಲ್ಲಿ?"

ಅಜ್ಜಿ ಅಲ್ಬೆರ್ತಿನಾಳ ಕಡೆ ನೋಡಿದಳು. ಅಲ್ಬೆರ್ತಿನಾ ಕಪುಲಾನಾದ ತುದಿಯಿಂದ ಮೂಗು ಒರೆಸಿ, ಬೆರಳು ಮಡಚದೆ, ಯೋಚಿಸದೆ ಹೇಳಿದಳು: "ಹನ್ನೊಂದು."

ಫ್ಲೋರಿಂದಾ ಮೂವತ್ತಾರು ತಿಂಗಳು ಮನೆಮನೆಗೂ ಹೋಗಿದ್ದಳು. ಒಂದು ಅಂಗಳವನ್ನೂ ಬಿಟ್ಟಿರಲಿಲ್ಲ. ಟ್ಯಾಬ್ಲೆಟ್ಟಿನ ಮೊದಲ ಕಾಲಮಿನಲ್ಲಿ ಮಗುವಿನ ಹೆಸರು, ಎರಡನೆಯದರಲ್ಲಿ ವಯಸ್ಸು, ಮೂರನೆಯದರಲ್ಲಿ ಬದುಕಿದೆಯೇ ಇಲ್ಲವೇ. ಹೆಸರು ತುಂಬದೆ ಪರದೆ ಮುಂದಕ್ಕೆ ಸರಿಯುತ್ತಿರಲಿಲ್ಲ. 'ಈ ತಿಂಗಳು ಈ ಮನೆಯಲ್ಲಿ ಯಾವುದಾದರೂ ಮಗು ತೀರಿಕೊಂಡಿತೇ?' ಎಲ್ಲ ಅಂಗಳಗಳಲ್ಲೂ ಒಂದೇ ಉತ್ತರ, 'ಇಲ್ಲ.' ಮೂವತ್ತಾರು ತಿಂಗಳಿಗೆ ಮೂವತ್ತಾರು ಸೊನ್ನೆ. ಶುಕ್ರವಾರ ಈ ಸೊನ್ನೆಯ ಸಮಾರಂಭಕ್ಕೆ ಪ್ರಾಂತದ ಆರೋಗ್ಯ ಕಚೇರಿಯಿಂದ ಡಾಕ್ಟರ್ ಬೆನೆವಿದೆಸ್ ಸಮೇತ ಎಂಟು ಮಂದಿ ಬರುವವರಿದ್ದರು. ಸೊನ್ನೆಯನ್ನು ಹಳದಿ ಬಣ್ಣದಲ್ಲಿ ಬರೆಸಿದ ತಗಡಿನ ಬೋರ್ಡು ತಾಯಿಯ ಜಗುಲಿಯಲ್ಲಿ, ಗೋಣಿಯಲ್ಲಿ ಸುತ್ತಿಟ್ಟು, ಗೋಡೆಗೆ ಒರಗಿತ್ತು.

"ಪ್ರತಿ ತಿಂಗಳು ಕೇಳಿದ್ನಲ್ಲ! ನಿನ್ನೂ ಕೇಳಿದೆ ತೆಲ್ಮಾ. ಹೋದ ವರ್ಷ ಚಳಿಗಾಲದಲ್ಲಿ, ನಿಮ್ಮನೆ ಕಣದ ಮುಂದೆ. ನೀನು ಇಲ್ಲ ಅಂದೆ."

"ಮಗು ಸತ್ತಿದ್ಯಾ ಅಂತ ಕೇಳಿದೆ ಅಕ್ಕ," ಎಂದಳು ತೆಲ್ಮಾ. ಸುಳ್ಳು ಹೇಳಿದ ಭಾವ ಅವಳ ಮುಖದಲ್ಲಿರಲಿಲ್ಲ. "ಚಂದ್ರಂಗೆ ತೋರಿಸಿ ಹೆಸರಿಡೋಕೆ ಮೊದಲೇ ಅದು ಮಗು ಹೆಂಗಾಗುತ್ತೆ? ಹೆಸರೇ ಇಟ್ಟಿರ್ಲಿಲ್ಲ. ಎರಡು ದಿನ ಇತ್ತು. ಅದಕ್ಕೆ ಯಾರೂ ಅಳೋ ಹಂಗಿಲ್ಲ, ಊರಿಗೆ ಹೇಳೋ ಹಂಗಿಲ್ಲ. ನೀನು ಗಂಡಸರ ಮುಂದೆ ಜೋರಾಗಿ ಕೇಳ್ತಿದ್ದೆ ಬೇರೆ."

"ನಿಂಗೆ ಗೊತ್ತಿತ್ತಲ್ಲಮ್ಮ," ಫ್ಲೋರಿಂದಾ ತಾಯಿಯ ಕಡೆ ತಿರುಗಿದಳು. "ನಮ್ಮ ಮನೆ ಜಗುಲಿ ಮೇಲೆ ಕೂತೇ ನಾನು ಸೊನ್ನೆ ಬರೀತಿದ್ದೆ."

"ನೀನು ಏನು ಬರೀತಿದ್ದೀಯ ಅಂತ ನಂಗೇನು ಗೊತ್ತು? ನೀನು ಬರೆಯೋದು ಬದುಕಿರೋರ ಲೆಕ್ಕ ಅಂದ್ಕೊಂಡಿದ್ದೆ."

ಹನ್ನೊಂದು ಎಂದು ಕೇಳಿ ಬೆಚ್ಚಿದ್ದು ಫ್ಲೋರಿಂದಾ ಮಾತ್ರ. ಅವಳು ಮುಂದಿನ ಮಾತು ಹೇಳಿದಾಗ ಆ ಮೂವರ ಸರದಿ ಬಂತು. "ಸೊನ್ನೆ ಇದೆ ಅಂತ ಜನವರಿಯಿಂದ ಸೂಲಗಿತ್ತಿ ನರ್ಸ್ ಸೆಲ್ಮಿರಾನ ಹೊಳೆ ಆಚೆ ಊರಿಗೆ ಕಳಿಸ್ತಾರೆ. ಮೂರು ಚಕ್ರದ ಗಾಡಿನೂ ಹೋಗುತ್ತೆ. ಇಲ್ಲಿ ಇನ್ನು ಅಗತ್ಯ ಇಲ್ಲ ಅಂತ ತೀರ್ಮಾನ ಆಗಿದೆ. ನಾನೇ ಶಿಫಾರಸು ಬರೆದೆ."

ತೆಲ್ಮಾ ಎರಡೂ ಕೈಗಳನ್ನು ತನ್ನ ಹೊಟ್ಟೆಯ ಮೇಲೆ ತಂದಳು. "ಜನವರಿ?" ಎಂದಳು. "ನಂದು ಫೆಬ್ರವರಿಗೆ."

"ಯಾಕೆ ಕಳಿಸ್ತಾರೆ?" ಅಜ್ಜಿ ಎದ್ದು ನಿಂತಳು. "ನಾವೇನು ಅವಳಿಗೆ ಊಟ ಹಾಕ್ಲಿಲ್ವಾ? ಹೋದ ತಿಂಗಳು ಅಡ್ಡ ಬಂದಿದ್ದ ಕೂಸನ್ನ ಆ ಗಾಡೀಲಿ ಹೊತ್ಕೊಂಡು ಹೋಗಿ ಉಳಿಸಿದ್ದು ಅವಳು. ನನ್ನ ಕೈಲಿ ಆಗ್ತಿರ್ಲಿಲ್ಲ. ಹನ್ನೊಂದು ಅನ್ನೋದು ಇಪ್ಪತ್ತೆರಡು ಆಗ್ತಿತ್ತು ಅವಳಿಲ್ದೇ ಇದ್ರೆ!"

"ಈ ಮಾತನ್ನ ಒಂದು ಸಲ, ಒಂದೇ ಒಂದು ಸಲ ನನಗೆ ಹೇಳಿದ್ರೆ..."

"ನೀನು ಕೇಳಿದ್ಯಾ?" ಎಂದಳು ಅಜ್ಜಿ.

ಮೊಬೈಲಿಗೆ ಸಿಗ್ನಲ್ ಸಿಗುವುದು ಊರಿನ ಪಶ್ಚಿಮಕ್ಕಿರುವ ಹುತ್ತದ ಮೇಲೆ ಮಾತ್ರ. ಫ್ಲೋರಿಂದಾ ಮಣ್ಣು ಮೆತ್ತಿದ ಬಟ್ಟೆಯಲ್ಲೇ ಹತ್ತಿ ನಿಂತಳು. ಮೂವರು ಹೆಂಗಸರು ಕೆಳಗೆ, ಸ್ವಲ್ಪ ದೂರದಲ್ಲಿ, ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ ನಿಂತರು.

"ಡಾಕ್ಟ್ರೇ, ಮುಂಗವೆನಿಯ ಸೊನ್ನೆ ತಪ್ಪು."

ಡಾಕ್ಟರ್ ಬೆನೆವಿದೆಸ್ ಒಳ್ಳೆಯ ಮನುಷ್ಯ. ಆದುದರಿಂದಲೇ ಅವನು ಮೊದಲು ಕೇಳಿದ್ದು ಇಷ್ಟೇ: "ಎಷ್ಟು ತಪ್ಪು?"

"ಹನ್ನೊಂದು. ಬಹುಶಃ ಎಲ್ಲವೂ ಮೊದಲ ವಾರದೊಳಗೆ. ಕೆಲವು ಹುಟ್ಟುವಾಗಲೇ."

"ಹೆಸರು ಕಳಿಸು. ತಿದ್ದಿಸೋಣ."

"ಹೆಸರಿಲ್ಲ."

"ಹೆಸರಿಲ್ದೆ ಫಾರಂ ತಗೊಳ್ಳಲ್ಲ ಫ್ಲೋರಿಂದಾ. ನಿನಗೇ ಗೊತ್ತು. ಹೆಸರಿಲ್ದೆ ಯಾರು ಸಾಯ್ತಾರೆ?"

"ಇಲ್ಲಿ ಸಾಯ್ತಾರೆ ಡಾಕ್ಟ್ರೇ."

ಗಾಳಿ ಬೀಸಿತು. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಅಂಗೈಗೆ ಇನ್ನೂ ಬೂದಿಯ ವಾಸನೆಯಿತ್ತು.

"ಯಾರು ಹೇಳಿದ್ರು ಹನ್ನೊಂದು ಅಂತ? ಆಧಾರ ಏನು?" ಎಂದು ಅವನು ಕೇಳಿದ. ಅವಳೇ ಹೊಸ ಹುಡುಗರಿಗೆ ದಿನವೂ ಕೇಳುತ್ತಿದ್ದ ಪ್ರಶ್ನೆ ಅದು. "ನಮ್ಮಮ್ಮ ಮಡಕೆ ಮಾಡ್ತಾಳೆ" ಎಂದು ಹೇಳಲು ಹೋಗಿ ಅವಳು ಬಾಯಿ ಮುಚ್ಚಿದಳು. ಡಾಕ್ಟರ್ ನಿಟ್ಟುಸಿರಿಟ್ಟ. "ಶುಕ್ರವಾರ ಸಮಾರಂಭ ಬೇಡ. ನಾನೊಬ್ಬನೇ ಬರ್ತೀನಿ. ಅಷ್ಟರೊಳಗೆ ನನ್ನ ಕೈಗೆ ಏನಾದ್ರೂ ಕೊಡು. ಬರೀ ಮಾತಿನ ಮೇಲೆ ಗಾಡಿನ ಅಲ್ಲೇ ಉಳಿಸೋಕಾಗಲ್ಲ."

ಅವಳು ಇಳಿದು ಬಂದು ಅದನ್ನೇ ಹೇಳಿದಳು. ಯಾವ ತಾಯಿಯ ಹೆಸರನ್ನೂ ಬರೆಯುವುದಿಲ್ಲ, ಆದರೆ ಎಷ್ಟು ಎಂಬುದಕ್ಕೆ ಕಣ್ಣಿಗೆ ಕಾಣುವ ಏನಾದರೂ ಬೇಕು. ಬಾವಿಯನ್ನೂ ದೂರ ಸರಿಸಬೇಕು, ಎಲ್ಲಿಂದ ಎಲ್ಲಿಯವರೆಗೆ ಮುಟ್ಟಬಾರದೆಂದು ತನಗೆ ತಿಳಿಯಬೇಕು.

"ಬೇರೆ ಯಾರಿಗೂ ತೋರಿಸಬಾರದು," ಎಂದಳು ತೆಲ್ಮಾ.

"ಆ ಡಾಕ್ಟರ್ ಗಂಡಸು," ಎಂದಳು ಅಜ್ಜಿ.

"ಅವನು ಇಲ್ಲಿಗೆ ಬರಲ್ಲ. ನಾನು ನೋಡಿ ಸಹಿ ಹಾಕ್ತೀನಿ. ಸೆಲ್ಮಿರಾ ನೋಡಿ ಸಹಿ ಹಾಕ್ತಾಳೆ. ಅವಳಿಗೂ ಎರಡು ಮಕ್ಕಳು."

ಅಜ್ಜಿ ಬಹಳ ಹೊತ್ತು ಹಲ್ಲಿಲ್ಲದ ಬಾಯಿಯೊಳಗೆ ನಾಲಿಗೆ ಆಡಿಸಿದಳು. ಆಮೇಲೆ ಅಲ್ಬೆರ್ತಿನಾಳನ್ನು ಕೇಳಿದಳು: "ನಿನ್ನ ಹತ್ರ ಸುಟ್ಟ ಮಡಕೆ ಎಷ್ಟಿದಾವೆ?"

"ಬೇಕಾದಷ್ಟಿದಾವೆ."

ಗುರುವಾರ ಇಳಿಹೊತ್ತಿಗೆ ಓಸಿಯಾಸ ಊರಿನ ಗಂಡಸರನ್ನೆಲ್ಲ ದನದ ಕೊಟ್ಟಿಗೆಯ ಬೇಲಿ ಸರಿಮಾಡುವ ನೆಪದಲ್ಲಿ ಎತ್ತರದ ಕಡೆಗೆ ಕರೆದೊಯ್ದ. ಯಾಕೆಂದು ಯಾರೂ ಅವನಿಗೆ ಹೇಳಿರಲಿಲ್ಲ; ಅವನೂ ಕೇಳಿರಲಿಲ್ಲ. "ಬೇಲಿ ಚೆನ್ನಾಗೇ ಇದ್ಯಲ್ಲೋ," ಎಂದು ಯಾರೋ ಅಂದದ್ದಕ್ಕೆ, "ನಿನ್ನ ಮೂಗೂ ಚೆನ್ನಾಗೇ ಇದೆ, ಅದನ್ನ ಎಲ್ಲ ಕಡೆ ತೂರಿಸ್ಬೇಡ," ಎಂದನಂತೆ.

ಹೆಂಗಸರು ಒಬ್ಬೊಬ್ಬರಾಗಿ, ಬೇರೆ ಬೇರೆ ದಾರಿಗಳಿಂದ ಬಂದರು. ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಅಲ್ಬೆರ್ತಿನಾ ಅತ್ತಿಯ ಬುಡದಲ್ಲಿ ಕುಳಿತು ಬಂದವರ ಕೈಗೆ ಮಡಕೆ ಕೊಡುತ್ತಿದ್ದಳು. ಮೂರು ವರ್ಷದ ಈಚಿನದಾದರೆ ಬಾಯಂಚನ್ನು ಸ್ವಲ್ಪ ಮುರಿದುಕೊಡುತ್ತಿದ್ದಳು, ಹಳೆಯದಾದರೆ ಇಡಿಯಾಗಿ. ಹೂಳುವ ಮಡಕೆಯ ಅಂಚು ಮುರಿಯುವ ರೂಢಿಯನ್ನೇ ಲೆಕ್ಕದ ಗುರುತಾಗಿಸಿದ್ದು ಅವಳೇ. ಮಡಕೆ ಪಡೆದವಳು ಇಳಿಜಾರಿನಲ್ಲಿ ನಡೆದು, ಹುಡುಕದೆ, ತಡಕಾಡದೆ, ಕತ್ತಲ ಕೋಣೆಯಲ್ಲಿ ತನ್ನ ಚಾಪೆಗೆ ಹೋಗುವವಳಂತೆ ನೇರವಾಗಿ ಹೋಗಿ ಒಂದು ಕಡೆ ಬಗ್ಗುತ್ತಿದ್ದಳು. ಮಡಕೆಯನ್ನು ಬೋರಲು ಇಟ್ಟು ಬಂದ ದಾರಿಯಲ್ಲೇ ಹೋಗುತ್ತಿದ್ದಳು. ತೆಲ್ಮಾ ಬಗ್ಗಲಾರದೆ ಮೊಣಕಾಲೂರಿ ಇಟ್ಟಳು. ಎಂಬತ್ತು ದಾಟಿದ ಒಬ್ಬ ಮುದುಕಿಯನ್ನು ಇಬ್ಬರು ಎತ್ತಿಕೊಂಡು ಬಂದರು. ಅವಳು ನಾಲ್ಕು ಕೇಳಿದಳು.

ಸೆಲ್ಮಿರಾ ಮೋಟಾರು ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದು, ನೋಡಿ, ಹಾಳೆಗೆ ಸಹಿ ಹಾಕಿದಳು. ಸಹಿ ಹಾಕುವಾಗ ಅವಳ ಪೆನ್ನು ಎರಡು ಕಡೆ ಕಾಗದವನ್ನು ತೂತು ಮಾಡಿತು. "ನಾನೇ ಹೆರಿಗೆ ಮಾಡಿಸಿದ್ದು ಇದರಲ್ಲಿ ಎರಡಿದೆ," ಎಂದಳು. "ಮೂರನೇ ದಿನ ಹೋದಾಗ ಕೂಸು ಎಲ್ಲಿ ಅಂದ್ರೆ, ಅಜ್ಜಿ ಮನೇಲಿದೆ ಅಂದಿದ್ರು." ಬಾಯಂಚು ಮುರಿದ ಮಡಕೆಗಳು ಹನ್ನೊಂದಿದ್ದವು. ಹೆಸರಿನ ಕಾಲಮಿನಲ್ಲಿ ಫ್ಲೋರಿಂದಾ ಹನ್ನೊಂದು ಗೆರೆ ಎಳೆದಳು. ಮಿಕ್ಕ ಮಡಕೆಗಳನ್ನು ಎಣಿಸುವುದು ಅವಳ ಕೆಲಸವಾಗಿರಲಿಲ್ಲ. ತೀರ ಹೊರಗಿನವುಗಳಿಂದ ಐದು ಹೆಜ್ಜೆ ಆಚೆ ಗೂಟ ಹೊಡೆದು ಹಗ್ಗ ಕಟ್ಟಿದಳು. ಹಗ್ಗ ಸಾಲದೆ ತಾಯಿಯ ಹಳೆಯ ಕಪುಲಾನಾವನ್ನು ಸೀಳಿ ಗಂಟು ಹಾಕಬೇಕಾಯಿತು.

ಬೆಳಗ್ಗೆ ಬಿಸಿಲು ಏರುವ ಮುಂಚೆ ಮಡಕೆಗಳನ್ನು ಎತ್ತಬೇಕೆಂದು ಮಾತಾಗಿತ್ತು. ಫ್ಲೋರಿಂದಾ ಎಲ್ಲರಿಗಿಂತ ಮೊದಲು ಬಂದೆನೆಂದುಕೊಂಡಿದ್ದಳು. ಹಳ್ಳದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹಗ್ಗದೊಳಗೆ ತಾಯಿ ಕುಳಿತಿದ್ದಳು.

ನಿನ್ನೆ ಸಂಜೆ ಅಲ್ಬೆರ್ತಿನಾ ಎಲ್ಲರಿಗೂ ಕೊಟ್ಟಿದ್ದಳೇ ಹೊರತು ತಾನು ಒಂದನ್ನೂ ಇಟ್ಟಿರಲಿಲ್ಲ. ಈಗ ಅವಳ ಎಡಗಡೆ ಒಂದು, ಬಲಗಡೆ ಒಂದು, ಎರಡು ಇಡೀ ಮಡಕೆಗಳು ಬೋರಲಾಗಿದ್ದವು. ಎರಡರ ಮೇಲೂ ಹನಿ ಕೂತಿತ್ತು. ಅವು ಈಗಷ್ಟೇ ಬಂದವಲ್ಲ.

ನೀನೊಬ್ಬಳೇ ನನಗೆ, ನಿನ್ನ ಮುಂದೆಯೂ ಇಲ್ಲ ಹಿಂದೆಯೂ ಇಲ್ಲ ಎಂದು ತಾಯಿ ಹೇಳುತ್ತಿದ್ದುದನ್ನು ಕೇಳುತ್ತಲೇ ಫ್ಲೋರಿಂದಾ ಬೆಳೆದಿದ್ದಳು. ಅವಳು ಹಗ್ಗವನ್ನು ಎತ್ತಿ ಬಗ್ಗಿ ಒಳಗೆ ಹೋದಳು. ಪುಸ್ತಕವನ್ನು ಹೊರಗೆ ಗೂಟದ ಬುಡದಲ್ಲಿ ಇಟ್ಟು ಹೋದಳು.

"ಯಾವುದು ಮೊದಲು?" ಎಂದು ಕೇಳಿದಳು.

ಅಲ್ಬೆರ್ತಿನಾ ಎಡಗಡೆಯದನ್ನು ಮುಟ್ಟಿದಳು. "ನಿನಗಿಂತ ಮೊದಲು." ಕೈ ಬಲಗಡೆಗೆ ಹೋಗಿ ಅರ್ಧದಲ್ಲಿ ನಿಂತಿತು. "ಇದು ಆಮೇಲೆ. ನೀನು ಬಾಗಿಲಾಚೆ ನಿಂತು ಹಾಡ್ತಾ ಇದ್ದೆ."

ಫ್ಲೋರಿಂದಾ ಬಲಗಡೆಯ ಮಡಕೆಯ ಪಕ್ಕ ಕುಳಿತಳು. ಅತ್ತಿ ಮರದ ತುದಿಗೆ ಬೆಳಕು ತಾಗಿತ್ತು. ಮೆಲ್ಲಗೆ ಅದರ ಒಂದು ಅಂಚನ್ನು ಎತ್ತಿ ನೋಡಿದಳು. ಒಳಮೈಯೆಲ್ಲ ಬೆವರಿತ್ತು. ಅವಳು ನೋಡುತ್ತಿದ್ದಂತೆ ಎರಡು ಹನಿಗಳು ಕೂಡಿಕೊಂಡು, ಅಂಚಿನವರೆಗೆ ಇಳಿದು, ಅಲ್ಲಿ ನಿಂತವು. ಬಿಸಿಲು ಕೆಳಕ್ಕೆ ಬರುವ ಮೊದಲೇ ಅವಳು ಮಡಕೆಯನ್ನು ಮತ್ತೆ ನೆಲಕ್ಕೆ ಮುಚ್ಚಿದಳು.